ಆಪ್ ಆರ್ಟ್ ಮತ್ತು ಬೀದರ ಸೀಮೆಯ ದೃಷ್ಟಿಭ್ರಮಾ ಅಲಂಕಾರ

ಆಪ್ ಆರ್ಟ್ ಎಂಬುದು ಗೆರೆ, ಚೌಕ, ವೃತ್ತ, ಬಣ್ಣದ ಪಟ್ಟಿಗಳಂತಹ ಸರಳ ಆಕಾರಗಳನ್ನು ಲೆಕ್ಕ ಹಾಕಿ ಜೋಡಿಸುವ ಆಧುನಿಕ ಅಮೂರ್ತ ಕಲೆಯ ಒಂದು ಶೈಲಿ. ಆ ಜೋಡಣೆಯಿಂದ ನಿಶ್ಚಲವಾದ ಸಮತಲವೇ ಅಲುಗಿದಂತೆ, ಉಬ್ಬಿದಂತೆ, ಕುಸಿದಂತೆ, ಮಿನುಗಿದಂತೆ ಕಾಣುತ್ತದೆ. ಆಪ್ಟಿಕಲ್ ಆರ್ಟ್ ಎಂಬುದರ ಮೊಟಕು ರೂಪವಾದ ಈ ಹೆಸರು 1964ರ ಅಕ್ಟೋಬರಿನಲ್ಲಿ ಅಮೆರಿಕದ ಟೈಮ್ ಪತ್ರಿಕೆಯ ಮೂಲಕ ಬಳಕೆಗೆ ಬಂತು. ಕನ್ನಡದಲ್ಲಿ ಇದನ್ನು ದೃಷ್ಟಿಭ್ರಮಾ ಕಲೆ ಎನ್ನಬಹುದು. ಶೈಲಿಯಾಗಿ ಇದು 20ನೇ ಶತಮಾನದ ಯುರೋಪು ಮತ್ತು ಅಮೆರಿಕಗಳಲ್ಲಿ ರೂಪುಗೊಂಡಿತಾದರೂ ಇದು ಬಳಸುವ ಉಪಾಯಗಳು ಬಹಳ ಹಳೆಯವು. ಹುಮನಾಬಾದ, ಬಸವಕಲ್ಯಾಣ, ಘಾಟಬೋರಾಳಗಳನ್ನು ಒಳಗೊಂಡ ಬೀದರ ಸೀಮೆಯ ಕಟ್ಟಡಗಳಲ್ಲೂ ಲೋಹದ ಕುಸುರಿಯಲ್ಲೂ ಅಂಗಳದ ರಂಗೋಲಿಯಲ್ಲೂ ಅವುಗಳಿಗೆ ಒಳ್ಳೆಯ ಉದಾಹರಣೆಗಳಿವೆ.

ಲಕ್ಷಣಗಳು

ಆಪ್ ಆರ್ಟ್ ಕೃತಿಯಲ್ಲಿ ಸಾಮಾನ್ಯವಾಗಿ ಗುರುತಿಸಬಹುದಾದ ವಸ್ತು, ವ್ಯಕ್ತಿ, ಕಥೆ ಇರುವುದಿಲ್ಲ. ಕಲಾವಿದ ಒಂದೇ ಘಟಕವನ್ನು ಆರಿಸಿಕೊಂಡು ಅದನ್ನು ಮತ್ತೆ ಮತ್ತೆ ಇಡುತ್ತಾ ಹೋಗುತ್ತಾನೆ. ಇಡುವಾಗ ಅದರ ಅಗಲ, ಓರೆ, ಅಂತರ ಅಥವಾ ಬಣ್ಣವನ್ನು ಒಂದು ಕ್ರಮಕ್ಕೆ ಅನುಸಾರವಾಗಿ ಬದಲಿಸುತ್ತಾನೆ. ಅಂಚುಗಳು ಚೂಪಾಗಿರುತ್ತವೆ, ಬಣ್ಣ ಒಂದೇ ಸಮನಾಗಿ ಹರಡಿರುತ್ತದೆ, ಕುಂಚದ ಗುರುತು ಕಾಣುವುದಿಲ್ಲ. ಮೊದಲ ಘಟ್ಟದ ಬಹುಪಾಲು ಕೃತಿಗಳು ಕಪ್ಪು ಬಿಳುಪಿನವು. ಈ ಎರಡರ ನಡುವಿನ ಭೇದ ಅತಿ ತೀವ್ರವಾದುದರಿಂದ ಕಣ್ಣಿನ ಮೇಲೆ ಆಗುವ ಪರಿಣಾಮವೂ ಅಷ್ಟೇ ತೀವ್ರ.

ಚಲನೆಯನ್ನು ಕುರಿತ ಆಸಕ್ತಿ ಆಪ್ ಆರ್ಟನ್ನು ಚಲನ ಕಲೆಗೆ ಹತ್ತಿರ ತರುತ್ತದೆ. ಆದರೆ ಚಲನ ಕಲೆಯಲ್ಲಿ ಮೋಟಾರು, ಗಾಳಿ ಅಥವಾ ಕೈಯ ಬಲದಿಂದ ವಸ್ತು ನಿಜವಾಗಿ ಚಲಿಸುತ್ತದೆ. ಆಪ್ ಆರ್ಟಿನಲ್ಲಿ ಚಲನೆ ಹುಟ್ಟುವುದು ನೋಡುವವರ ಕಣ್ಣು ಮತ್ತು ಮಿದುಳಿನಲ್ಲಿ. ಗೋಡೆಯ ಮೇಲೆ ಹಣ್ಣಿನ ಬುಟ್ಟಿಯೊಂದು ನಿಜವಾಗಿಯೂ ಇದೆ ಎಂದು ನಂಬಿಸುವ ಹಳೆಯ ಭ್ರಮಾಚಿತ್ರಗಳಿಗಿಂತಲೂ ಇದು ಬೇರೆ. ಅಲ್ಲಿ ಭ್ರಮೆ ಒಂದು ವಸ್ತುವನ್ನು ತೋರಿಸುವ ಸಾಧನ. ಆಪ್ ಆರ್ಟಿನಲ್ಲಿ ಅದೇ ಕೃತಿಯ ವಿಷಯ.

ಭ್ರಮೆ ಹುಟ್ಟುವ ಬಗೆ

ಈ ಕಲೆಯ ಹಿಂದೆ 19ನೇ ಶತಮಾನದಿಂದ ನಡೆದುಬಂದ ದೃಷ್ಟಿವಿಜ್ಞಾನದ ಅಧ್ಯಯನವಿದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್, ಅಕ್ಕಪಕ್ಕದ ಬಣ್ಣಗಳು ಒಂದರ ರೂಪವನ್ನು ಇನ್ನೊಂದು ಬದಲಿಸುತ್ತವೆ ಎಂಬುದನ್ನು 1839ರ ತನ್ನ ಗ್ರಂಥದಲ್ಲಿ ವಿವರಿಸಿದ. ಸಮಾಂತರ ಗೆರೆಗಳ ಮೇಲೆ ಓರೆಯಾದ ಚಿಕ್ಕ ಗೀಟುಗಳನ್ನು ಎಳೆದರೆ ಆ ಗೆರೆಗಳು ಸಮಾಂತರವಾಗಿಲ್ಲವೆಂದು ತೋರುತ್ತದೆ. ಇದನ್ನು 1860ರಲ್ಲಿ ಜರ್ಮನಿಯ ತ್ಸೋಲ್ನರ್ ಗುರುತಿಸಿದ. ಕಪ್ಪು ಚೌಕಗಳ ನಡುವಿನ ಬಿಳಿ ಓಣಿಗಳು ಕೂಡುವಲ್ಲಿ ಇಲ್ಲದ ಬೂದು ಚುಕ್ಕೆಗಳು ಕಾಣುವುದನ್ನು 1870ರಲ್ಲಿ ಲುಡಿಮಾರ್ ಹರ್ಮನ್ ವರ್ಣಿಸಿದ.

ಹರ್ಮನ್ ಜಾಲದ ಬೂದು ಚುಕ್ಕೆಗಳಿಗೆ ಅಕ್ಷಿಪಟಲದ ನರಕೋಶಗಳು ನೆರೆಯ ಕೋಶಗಳ ಪ್ರತಿಕ್ರಿಯೆಯನ್ನು ತಗ್ಗಿಸುವುದೇ ಕಾರಣವೆಂದು ಬಹುಕಾಲ ವಿವರಿಸಲಾಗುತ್ತಿತ್ತು. ಆದರೆ ಅದೇ ಜಾಲದ ಗೆರೆಗಳನ್ನು ತುಸು ಬಳುಕಿಸಿದರೆ ಚುಕ್ಕೆಗಳು ಮಾಯವಾಗುತ್ತವೆ. ಆದ್ದರಿಂದ ಅಕ್ಷಿಪಟಲದ ಜೊತೆಗೆ ಮಿದುಳು ಅಂಚುಗಳನ್ನು ಅರ್ಥೈಸುವ ಕ್ರಮವೂ ಇದರಲ್ಲಿ ಪಾಲುಗೊಳ್ಳುತ್ತದೆ ಎಂಬುದು ಈಗಿನ ತಿಳಿವಳಿಕೆ.

ಅಲುಗಾಟದ ಭ್ರಮೆಗೆ ಇನ್ನೊಂದು ಕಾರಣವೂ ಇದೆ. ಒಂದೇ ಕಡೆ ದಿಟ್ಟಿಸಿದರೂ ಕಣ್ಣುಗುಡ್ಡೆ ಪೂರ್ತಿ ಸ್ಥಿರವಾಗಿರುವುದಿಲ್ಲ. ಅದು ಸದಾ ಅತಿ ಸೂಕ್ಷ್ಮವಾಗಿ ಸರಿದಾಡುತ್ತಿರುತ್ತದೆ. ಸಾಮಾನ್ಯ ದೃಶ್ಯದಲ್ಲಿ ಮಿದುಳು ಇದನ್ನು ಸರಿದೂಗಿಸುತ್ತದೆ. ಒತ್ತೊತ್ತಾಗಿ ಎಳೆದ, ತೀವ್ರ ಭೇದದ ಗೆರೆಗಳ ಮುಂದೆ ಈ ಹೊಂದಾಣಿಕೆ ಕೆಡುತ್ತದೆ, ಗೆರೆಗಳು ನಡುಗುತ್ತವೆ. ಕೇಂದ್ರದಿಂದ ಹೊರಚೆಲ್ಲುವ ಗೆರೆಗಳ ಮೇಲೆ ನೆರಳಿನಂತಹ ಅಲೆಗಳು ಸುಳಿಯುವುದನ್ನು ಬ್ರಿಟನ್ನಿನ ಡೊನಾಲ್ಡ್ ಮ್ಯಾಕೇ 1957ರಲ್ಲಿ ವರದಿ ಮಾಡಿದರು. ಎರಡು ಗೆರೆಜಾಲಗಳನ್ನು ಒಂದರ ಮೇಲೊಂದು ತುಸು ಓರೆಯಾಗಿಟ್ಟರೆ ಎರಡರಲ್ಲೂ ಇಲ್ಲದ ಮೂರನೆಯ ವಿನ್ಯಾಸ ಮೂಡುವುದು ಮ್ವಾರೆ ಪರಿಣಾಮ. ಇವುಗಳ ಜೊತೆಗೆ, ಗಾಢ ಬಣ್ಣವನ್ನು ದಿಟ್ಟಿಸಿ ನೋಟ ಸರಿಸಿದಾಗ ಅದರ ಪೂರಕ ವರ್ಣದಲ್ಲಿ ಕಾಣುವ ಅನುಬಿಂಬ, ಆಕಾರ ಯಾವುದು ಹಿನ್ನೆಲೆ ಯಾವುದು ಎಂಬುದು ಅದಲುಬದಲಾಗುವ ನೋಟ, ಇವೂ ಆಪ್ ಆರ್ಟಿನ ಸಾಮಗ್ರಿಗಳು.

ಬೆಳವಣಿಗೆ

ಆಪ್ ಆರ್ಟಿನ ಬೇರುಗಳು ರಚನಾವಾದ, ಡಚ್ ಡಿ ಸ್ಟೈಲ್ ಪಂಥ ಮತ್ತು ಜರ್ಮನಿಯ ಬೌಹೌಸ್ ಶಾಲೆಗಳಲ್ಲಿವೆ. ಬೌಹೌಸ್‌ನಲ್ಲಿ ಕಲಿಸಿ, 1933ರಲ್ಲಿ ಆ ಶಾಲೆ ಮುಚ್ಚಿದ ಮೇಲೆ ಅಮೆರಿಕಕ್ಕೆ ಹೋದ ಯೋಸೆಫ್ ಆಲ್ಬರ್ಸ್ 1950ರಿಂದ ಚೌಕದೊಳಗೆ ಚೌಕವನ್ನಿಟ್ಟು ಬಣ್ಣಗಳ ಪರಸ್ಪರ ಪ್ರಭಾವವನ್ನು ಪರೀಕ್ಷಿಸುವ ನೂರಾರು ಚಿತ್ರಗಳನ್ನು ರಚಿಸಿದರು. ಅವರ ವರ್ಣಪಾಠಗಳು 1963ರಲ್ಲಿ ಗ್ರಂಥವಾಗಿ ಬಂದವು.

ಈ ಶೈಲಿಗೆ ತಂದೆಯ ಸ್ಥಾನದಲ್ಲಿರುವವರು ಹಂಗೇರಿಯ ಪೇಚ್ ಪಟ್ಟಣದಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿದ ವಿಕ್ಟರ್ ವಾಸರೆಲಿ (1906–1997). ಜಾಹೀರಾತು ವಿನ್ಯಾಸಕಾರರಾಗಿದ್ದ ಕಾಲದಲ್ಲೇ, 1937ರ ಸುಮಾರಿಗೆ, ಅವರು ಹೊರಗೆರೆಯಿಲ್ಲದೆ ಬರೀ ಕಪ್ಪು ಬಿಳಿ ಪಟ್ಟೆಗಳ ತಿರುವಿನಿಂದಲೇ ಜೀಬ್ರಾಗಳನ್ನು ಮೂಡಿಸಿದರು. ಮುಂದೆ ವೇಗಾ ಸರಣಿಯಲ್ಲಿ ಚೌಕಳಿಯ ಮನೆಗಳನ್ನು ನಡುವೆ ಹಿಗ್ಗಿಸಿ ಅಂಚಿನತ್ತ ಕುಗ್ಗಿಸಿ, ಚಪ್ಪಟೆ ಕ್ಯಾನ್ವಾಸಿನಿಂದ ಗೋಳವೊಂದು ಉಬ್ಬಿ ಬರುವಂತೆ ಮಾಡಿದರು. ಕಲಾಕೃತಿ ಒಬ್ಬರ ಸ್ವತ್ತಾಗದೆ ಮುದ್ರಣದ ಮೂಲಕ ಎಲ್ಲರಿಗೂ ಸಿಗಬೇಕೆಂಬುದು ಅವರ ನಿಲುವು. 1955ರಲ್ಲಿ ಪ್ಯಾರಿಸ್‌ನ ದೆನೀಸ್ ರೆನೆ ಗ್ಯಾಲರಿಯಲ್ಲಿ ನಡೆದ ಚಲನೆ ಎಂಬ ಪ್ರದರ್ಶನದಲ್ಲಿ ವಾಸರೆಲಿ, ವೆನಿಜುವೆಲಾದ ಹೆಸುಸ್ ರಫಾಯೆಲ್ ಸೋತೊ, ಇಸ್ರೇಲಿನ ಯಾಕೊವ್ ಆಗಮ್ ಮೊದಲಾದವರು ಒಟ್ಟಿಗೆ ಕಾಣಿಸಿಕೊಂಡರು.

ಇಂಗ್ಲೆಂಡಿನ ಬ್ರಿಜೆಟ್ ರೈಲಿ (ಜನನ 1931) ಈ ಶೈಲಿಯ ಮತ್ತೊಬ್ಬ ಪ್ರಮುಖರು. ಅವರ 1961ರ ‘ಮೂವ್‌ಮೆಂಟ್ ಇನ್ ಸ್ಕ್ವೇರ್ಸ್’ ಕೃತಿಯಲ್ಲಿ ಕಪ್ಪು ಬಿಳಿ ಚೌಕಗಳ ಎತ್ತರ ಬದಲಾಗುವುದಿಲ್ಲ. ಅಗಲ ಮಾತ್ರ ಕ್ರಮವಾಗಿ ಕಿರಿದಾಗುತ್ತಾ ಬಂದು ಮತ್ತೆ ಹಿಗ್ಗುತ್ತದೆ. ಅಷ್ಟರಿಂದಲೇ ಚಪ್ಪಟೆ ಹಲಗೆ ಒಳಕ್ಕೆ ಮಡಿಚಿಕೊಂಡಂತೆ ಕಾಣುತ್ತದೆ. 1963ರ ‘ಫಾಲ್’ನಲ್ಲಿ ಒಂದೇ ಬಳುಕುಗೆರೆ ಪಕ್ಕಪಕ್ಕದಲ್ಲಿ ಮರುಕಳಿಸಿ, ಕೆಳಗೆ ಬಂದಂತೆ ಅಲೆಗಳು ಒತ್ತೊತ್ತಾಗುತ್ತವೆ. 1960ರ ದಶಕದ ಉತ್ತರಾರ್ಧದಲ್ಲಿ ರೈಲಿ ಬಣ್ಣದ ಪಟ್ಟೆಗಳಿಗೆ ಹೊರಳಿದರು. 1968ರ ವೆನಿಸ್ ಬಿನಾಲೆಯಲ್ಲಿ ಚಿತ್ರಕಲೆಯ ಅಂತರರಾಷ್ಟ್ರೀಯ ಬಹುಮಾನ ಪಡೆದ ಮೊದಲ ಮಹಿಳೆ ಅವರೇ.

1965ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ವಿಲಿಯಂ ಸೈಟ್ಜ್ ಏರ್ಪಡಿಸಿದ ‘ದ ರೆಸ್ಪಾನ್ಸಿವ್ ಐ’ ಪ್ರದರ್ಶನ ಈ ಕಲೆಯನ್ನು ಮನೆಮಾತಾಗಿಸಿತು. ಅಮೆರಿಕದ ಜೂಲಿಯನ್ ಸ್ಟ್ಯಾನ್ಸಾಕ್, ಆಲ್ಬರ್ಸ್ ಶಿಷ್ಯ ರಿಚರ್ಡ್ ಅನುಸ್ಕೆವಿಚ್ ಮೊದಲಾದವರ ಬಣ್ಣದ ಕೃತಿಗಳೂ ಅಲ್ಲಿದ್ದವು. ವೆನಿಜುವೆಲಾದ ಕಾರ್ಲೋಸ್ ಕ್ರೂಸ್ ದಿಯೆಸ್ (1923–2019) ಕಿರಿದಾದ ಬಣ್ಣದ ಪಟ್ಟಿಗಳನ್ನು ಮೇಲ್ಮೈಗೆ ಲಂಬವಾಗಿ ನಿಲ್ಲಿಸಿ, ನೋಡುವವರು ಹೆಜ್ಜೆ ಸರಿಸಿದಂತೆಲ್ಲ ಬಣ್ಣ ಬದಲಾಗುವ ಫಲಕಗಳನ್ನು ರಚಿಸಿದರು.

ಬೀದರ ಸೀಮೆಯ ಕಟ್ಟಡಗಳು

ಆಪ್ ಆರ್ಟ್ ಹುಟ್ಟುವುದಕ್ಕೆ ಸುಮಾರು 500 ವರ್ಷ ಮೊದಲೇ, ಬಹಮನಿ ರಾಜ್ಯದ ರಾಜಧಾನಿಯಾಗಿದ್ದ ಬೀದರದಲ್ಲಿ ಪರ್ಷಿಯಾದಿಂದ ಬಂದ ವಿನ್ಯಾಸಗಳೂ ದಖ್ಖನಿನ ಕೈಕೆಲಸವೂ ಬೆರೆತು ರೇಖಾಗಣಿತೀಯ ಅಲಂಕಾರ ಬೆಳೆಯಿತು. ಇರಾನಿನ ಗಿಲಾನ್ ಪ್ರಾಂತ್ಯದಿಂದ ಬಂದು ಪ್ರಧಾನಿಯಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇದರ ಮುಖ್ಯ ನಿದರ್ಶನ. ಔರಂಗಜೇಬನ ಕಾಲದಲ್ಲಿ, 1696ರಲ್ಲಿ ಸಂಭವಿಸಿದ ಸ್ಫೋಟದಿಂದ ಕಟ್ಟಡದ ಒಂದು ಭಾಗವೂ ಒಂದು ಮಿನಾರವೂ ಕುಸಿದವು. ಉಳಿದ ಮಿನಾರದ ಮೈಮೇಲೆ ಮೆರುಗು ಬಿಲ್ಲೆಗಳನ್ನು ಅಂಕುಡೊಂಕು ಸಾಲುಗಳಾಗಿ ಕೂರಿಸಲಾಗಿದೆ.

ಈ ಅಂಕುಡೊಂಕಿನ ಪರಿಣಾಮ ದೃಷ್ಟಿಭ್ರಮೆಯ ದೃಷ್ಟಿಯಿಂದ ಗಮನಾರ್ಹ. ಮಿನಾರ ದುಂಡಗಿರುವುದರಿಂದ ನೋಡುವವರಿಗೆ ಎದುರಾದ ಭಾಗದಲ್ಲಿ ಡೊಂಕುಗಳು ಅಗಲವಾಗಿಯೂ ಪಕ್ಕಕ್ಕೆ ಸರಿದಂತೆ ಕಿರಿದಾಗಿಯೂ ಕಾಣುತ್ತವೆ. ಹೀಗೆ ಕ್ರಮವಾಗಿ ಕಿರಿದಾಗುವ ಆಕಾರವನ್ನು ಮಿದುಳು ದುಂಡುತನದ ಗುರುತಾಗಿ ಓದುತ್ತದೆ. ರೈಲಿಯವರ ಚೌಕಗಳು ಬಳಸಿಕೊಂಡದ್ದೂ ಈ ಓದನ್ನೇ. ಬೀದರದಲ್ಲಿ ಮೇಲ್ಮೈ ನಿಜವಾಗಿ ದುಂಡಗಿದೆ, ವಿನ್ಯಾಸ ಅದನ್ನು ಎತ್ತಿ ತೋರಿಸುತ್ತದೆ. ರೈಲಿಯವರ ಹಲಗೆ ಚಪ್ಪಟೆ, ಅಲ್ಲಿನ ವಿನ್ಯಾಸ ಇಲ್ಲದ ತಿರುವನ್ನು ಹುಟ್ಟಿಸುತ್ತದೆ.

ಬೀದರ ಕೋಟೆಯೊಳಗಿನ ರಂಗೀನ್ ಮಹಲು ಬರೀದಶಾಹಿ ದೊರೆ ಅಲಿ ಬರೀದನ ಕಾಲದಲ್ಲಿ (1542–1580) ಈಗಿನ ರೂಪ ಪಡೆಯಿತು. ಇಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪಿನ ತುಣುಕುಗಳನ್ನು ಕೂರಿಸಲಾಗಿದೆ. ಚಿಪ್ಪಿನ ತೆಳು ಪದರಗಳಿಂದ ಪ್ರತಿಫಲಿಸುವ ಬೆಳಕು ನೋಡುವ ಕೋನಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆ. ಹೆಜ್ಜೆಗೊಂದು ಬಣ್ಣ ತೋರುವ ಕ್ರೂಸ್ ದಿಯೆಸ್‌ನ ಫಲಕಗಳಂತೆ ಇಲ್ಲಿಯೂ ನೋಡುವವರ ಚಲನೆಯಿಂದಲೇ ಅಲಂಕಾರ ಜೀವ ಪಡೆಯುತ್ತದೆ.

ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಬಸವಕಲ್ಯಾಣ ಮತ್ತು ಸುತ್ತಲಿನ ನಾರಾಯಣಪುರ, ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಗಳ ದೇವಾಲಯಗಳು 11–12ನೇ ಶತಮಾನದ ಶಿಲ್ಪಕಲೆಗೆ ಹೆಸರಾದವು. ಜಲಸಂಗ್ವಿಯಲ್ಲಿ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿರುವ ಶಿಲಾಬಾಲಿಕೆಯ ವಿಗ್ರಹ ಪ್ರಸಿದ್ಧ. ಈ ವಾಸ್ತುಶೈಲಿಯ ಹೊರಗೋಡೆಗಳಲ್ಲಿ ಉಬ್ಬು ತಗ್ಗುಗಳು ಮತ್ತೆ ಮತ್ತೆ ಬರುವುದರಿಂದ ಬಿಸಿಲು ಮತ್ತು ನೆರಳಿನ ಲಂಬ ಪಟ್ಟೆಗಳು ಮೂಡುತ್ತವೆ. ಇದು ತುತ್ತತುದಿ ಮುಟ್ಟಿರುವುದು ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ದೇವಾಲಯದಲ್ಲಿ. ಚೌಕವೊಂದನ್ನು ಕೇಂದ್ರದ ಸುತ್ತ ಹಂತಹಂತವಾಗಿ ತಿರುಗಿಸಿ ಪಡೆದ 24 ಮೂಲೆಗಳ ನಕ್ಷತ್ರಾಕಾರದ ತಳವಿನ್ಯಾಸ ಅದರದು. ಗೋಡೆಗೆ ಇಂಥದೇ ಎಂದು ಹೇಳಬಹುದಾದ ಮುಖವಿಲ್ಲದ ಕಾರಣ, ಸುತ್ತು ಹಾಕುವವರಿಗೆ ಗರ್ಭಗುಡಿಯೇ ತಿರುಗುತ್ತಿರುವಂತೆ ಭಾಸವಾಗಬಹುದು. ಒಂದೇ ಘಟಕ, ಒಂದೇ ನಿಯಮ, ಕ್ರಮಬದ್ಧ ತಿರುಗುವಿಕೆ ಎಂಬ ರಚನಾಸೂತ್ರ ವಾಸರೆಲಿಯವರದನ್ನು ಹೋಲುತ್ತದೆ.

ಆಕಾರಗಳ ಅದಲುಬದಲಿಗೆ ಕರ್ನಾಟಕದ ಪ್ರಾಚೀನ ನಿದರ್ಶನ 6ನೇ ಶತಮಾನದ ಬಾದಾಮಿಯ ಮೊದಲನೆಯ ಗುಹೆಯಲ್ಲಿದೆ. ಅಲ್ಲಿನ ದ್ವಾರಪಾಲಕನ ಕೆಳಗೆ ಆನೆ ಮತ್ತು ಎತ್ತು ಒಂದೇ ತಲೆಯನ್ನು ಹಂಚಿಕೊಂಡಿವೆ. ಒಂದು ಕಡೆಯ ಮೈಯನ್ನು ಮುಚ್ಚಿ ನೋಡಿದರೆ ಆನೆ, ಇನ್ನೊಂದು ಕಡೆಯದನ್ನು ಮುಚ್ಚಿದರೆ ಎತ್ತು. ಎರಡೂ ಒಮ್ಮೆಗೇ ಪೂರ್ಣವಾಗಿ ಕಾಣುವುದಿಲ್ಲ. ವೃಷಭಕುಂಜರವೆಂದು ಕರೆಯಲಾಗುವ ಈ ಚಮತ್ಕಾರ ಮುಂದಿನ ಶತಮಾನಗಳ ದಕ್ಷಿಣ ಭಾರತದ ದೇವಾಲಯಗಳಲ್ಲೂ ಮುಂದುವರಿಯಿತು.

ಬಿದರಿ ಕುಸುರಿ

ಕಪ್ಪು ಬಿಳುಪಿನ ತೀವ್ರ ಭೇದವನ್ನೇ ಜೀವಾಳ ಮಾಡಿಕೊಂಡ ಕಲೆ ಬಿದರಿ. ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಪಾತ್ರೆಯನ್ನು ಎರಕ ಹೊಯ್ಯುತ್ತಾರೆ. ನಯ ಮಾಡಿದ ಮೇಲ್ಮೈಗೆ ಮೈಲುತುತ್ತದ ದ್ರಾವಣ ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಚೂಪು ಮೊನೆಯಿಂದ ನಕಾಶೆ ಗೀರಿ, ಉಳಿಯಿಂದ ಕೊರೆದು, ಆ ಕೊರೆತದೊಳಗೆ ಬೆಳ್ಳಿಯ ತಂತಿ ಅಥವಾ ತಗಡನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಭಾಗದಿಂದ ತಂದ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಬಿಸಿ ಮಾಡಿದ ವಸ್ತುವಿಗೆ ಹಚ್ಚಿದಾಗ ಸತುವಿನ ಮಿಶ್ರಲೋಹ ಶಾಶ್ವತವಾಗಿ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ.

ತಂತಿ ಕೂರಿಸುವುದಕ್ಕೆ ತಾರಕಶಿ, ತಗಡು ಕೂರಿಸುವುದಕ್ಕೆ ತಹನಿಶಾನ್ ಎಂದು ಹೆಸರು. ಈ ಎರಡರಲ್ಲೂ ಕಪ್ಪು ನೆಲದ ಮೇಲೆ ಬಿಳಿ ಆಕಾರ ಎದ್ದು ಕಾಣುತ್ತದೆ. ಅಫ್ತಾಬಿ ಎಂಬ ಬಗೆಯಲ್ಲಿ ಇದು ತಿರುವುಮುರುವಾಗುತ್ತದೆ. ಬೆಳ್ಳಿಯ ತಗಡಿನಲ್ಲೇ ಹೂಬಳ್ಳಿಯನ್ನು ಕತ್ತರಿಸಿ ತೆಗೆದು ಕೂರಿಸುವುದರಿಂದ, ಬೆಳ್ಳಿ ನೆಲವಾಗಿ ಕತ್ತರಿಸಿದ ಜಾಗದ ಕಪ್ಪೇ ಆಕಾರವಾಗುತ್ತದೆ. ಎರಡೂ ಬಣ್ಣಗಳ ಪಾಲು ಸಮನಾದ ಕಡೆ ಯಾವುದು ನೆಲ, ಯಾವುದು ಹೂವು ಎಂಬ ತೀರ್ಮಾನ ಕಣ್ಣಿಗೆ ಕಷ್ಟವಾಗುತ್ತದೆ. ಆಕಾರ ಮತ್ತು ಹಿನ್ನೆಲೆಗಳ ಈ ತೂಗಾಟವನ್ನು ಮನೋವಿಜ್ಞಾನದ ಪ್ರಶ್ನೆಯಾಗಿ ಡೆನ್ಮಾರ್ಕಿನ ಎಡ್ಗರ್ ರೂಬಿನ್ 1915ರಲ್ಲಿ ಮಂಡಿಸಿದರು. ಹೂಜಿಯಾಗಿಯೂ ಎದುರುಬದುರು ಮುಖಗಳಾಗಿಯೂ ಕಾಣುವ ಅವರ ಚಿತ್ರ ಪ್ರಸಿದ್ಧ. ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಬೀದರದ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.

ರಂಗೋಲಿ ಮತ್ತು ಕಸೂತಿ

ಮನೆಯಂಗಳದ ಚುಕ್ಕಿ ರಂಗೋಲಿಯಲ್ಲಿ ಮೊದಲು ಚುಕ್ಕಿಗಳ ಜಾಲವನ್ನು ಇಟ್ಟು, ಅವುಗಳ ನಡುವೆ ಅಥವಾ ಸುತ್ತ ಎಳೆಗಳನ್ನು ಎಳೆಯುತ್ತಾರೆ. ಚುಕ್ಕಿಗಳನ್ನು ಬಳಸಿ ಸುತ್ತುವ ಎಳೆ ಒಂದನ್ನೊಂದು ದಾಟುವಲ್ಲೆಲ್ಲ, ಒಂದು ಎಳೆ ಇನ್ನೊಂದರ ಕೆಳಗೆ ನುಸುಳಿ ಮೇಲೆ ಬಂದಂತೆ ಕಾಣುತ್ತದೆ. ಪುಡಿಯ ಗೆರೆಗೆ ನಿಜವಾಗಿ ಮೇಲು ಕೆಳಗುಗಳಿಲ್ಲ. ಕಡಿಯದೆ ಸಾಗುವ ಗೆರೆಯನ್ನು ಒಂದೇ ವಸ್ತುವೆಂದು ಗ್ರಹಿಸುವ ಮಿದುಳಿನ ಒಲವೇ ಈ ಹೆಣಿಗೆಯ ನೋಟಕ್ಕೆ ಕಾರಣ.

ಧಾರವಾಡ ಭಾಗದ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ಹೊಲಿಯುವುದರಿಂದ ವಿನ್ಯಾಸವೆಲ್ಲ ಜಾಲದ ಲೆಕ್ಕಕ್ಕೆ ಒಳಪಟ್ಟಿರುತ್ತದೆ. ಗವಂತಿ ಹೊಲಿಗೆ ಬಟ್ಟೆಯ ಎರಡೂ ಬದಿಗೆ ಒಂದೇ ರೀತಿ ಕಾಣುತ್ತದೆ. ಮುರಗಿ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಅಂಕುಡೊಂಕಾಗಿ ಸಾಗುತ್ತದೆ. ಲಂಬಾಣಿ ಹೆಣ್ಣುಮಕ್ಕಳ ಉಡುಪಿನ ಕಸೂತಿಯಲ್ಲಿ ಚಿಕ್ಕ ಕನ್ನಡಿಗಳನ್ನು ಸೇರಿಸಿ ಹೊಲಿಯುತ್ತಾರೆ. ಉಟ್ಟವರು ನಡೆದಾಡಿದಂತೆ ಅವು ಬೇರೆಬೇರೆ ಕೋನದಿಂದ ಬೆಳಕನ್ನು ಹಿಂದಿರುಗಿಸಿ ಮಿನುಗುತ್ತವೆ.

ಹೋಲಿಕೆಯ ಮಿತಿ

ಈ ನಿದರ್ಶನಗಳನ್ನು ಆಪ್ ಆರ್ಟ್ ಎನ್ನಲಾಗದು. ಮಿನಾರದ ಬಿಲ್ಲೆ ಮಿನಾರವನ್ನು, ಬಿದರಿಯ ಬೆಳ್ಳಿ ಹೂಜಿಯನ್ನು, ರಂಗೋಲಿ ಹೊಸ್ತಿಲನ್ನು ಸಿಂಗರಿಸಲು ಹುಟ್ಟಿದವು. ಅವುಗಳಲ್ಲಿ ಕಣ್ಣನ್ನು ಕೆಣಕುವ ಗುಣ ವಸ್ತುವಿನ ಉಪಯೋಗ, ಶೋಭೆ, ಆಚರಣೆಗಳ ಜೊತೆಗೆ ಬರುತ್ತದೆ. ಕೆಣಕು ಹೆಚ್ಚಾಗಿ ಕಣ್ಣಿಗೆ ಆಯಾಸವಾಗುವಂತಿದ್ದರೆ ನಿತ್ಯದ ಬಳಕೆಗೆ ಒಗ್ಗದು. ಆದ್ದರಿಂದ ಹೂವು, ಅಂಚು, ಖಾಲಿ ಜಾಗಗಳು ಅದನ್ನು ಹದದಲ್ಲಿಡುತ್ತವೆ. ಆಪ್ ಆರ್ಟ್ ಅದೇ ಗುಣವನ್ನು ವಸ್ತುವಿನಿಂದ ಬಿಡಿಸಿ, ಚೌಕಟ್ಟಿನೊಳಗಿಟ್ಟು, ಅದರ ತೀವ್ರತೆಯನ್ನು ಕಣ್ಣು ತಾಳುವ ಅಂಚಿನವರೆಗೆ ಏರಿಸಿತು. ಕುಶಲಕರ್ಮಿ ಮತ್ತು ಆಪ್ ಆರ್ಟ್ ಕಲಾವಿದ, ಇಬ್ಬರ ಕೈಯಲ್ಲಿದ್ದ ಉಪಾಯವೂ ಒಂದೇ. ಅದಕ್ಕೆ ಕೊಟ್ಟ ಕೆಲಸ ಬೇರೆ.

ಭಾರತದ ಆಧುನಿಕ ಕಲೆಯಲ್ಲಿ

ಭಾರತದಲ್ಲಿ ಆಪ್ ಆರ್ಟ್ ಪ್ರತ್ಯೇಕ ಪಂಥವಾಗಿ ನೆಲೆಯೂರಲಿಲ್ಲ. 1960–70ರ ದಶಕಗಳಲ್ಲಿ ರೇಖಾಗಣಿತೀಯ ಅಮೂರ್ತತೆಯ ಕಡೆ ತಿರುಗಿದ ಕಲಾವಿದರಲ್ಲಿ ಅನೇಕರು ಯಂತ್ರ, ಮಂಡಲಗಳಿಂದ ಪ್ರೇರಣೆ ಪಡೆದರು. ಇವರನ್ನು ನವತಾಂತ್ರಿಕ ಕಲಾವಿದರೆಂದು ಕರೆಯಲಾಯಿತು. ಬಿರೇನ್ ಡೇ (1926–2011) ಅವರ ಚಿತ್ರಗಳಲ್ಲಿ ಕೇಂದ್ರದಿಂದ ಹಂತಹಂತವಾಗಿ ಬದಲಾಗುವ ಬಣ್ಣದ ವಲಯಗಳು ಬೆಳಕು ಮಿಡಿಯುತ್ತಿರುವ ಭಾವ ಮೂಡಿಸುತ್ತವೆ. ಕಾಶ್ಮೀರದ ಜಿ. ಆರ್. ಸಂತೋಷ್ (1929–1997) ಸಮಮಿತಿಯ ರಚನೆಗಳಿಗೆ ಹೆಸರಾದರು. ಇವರ ಗುರಿ ಧ್ಯಾನ. ಕಣ್ಣಿನ ಕಂಪನ ಅದಕ್ಕೆ ದಾರಿ.

ಕರಾಚಿಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಕಲಿತು, 1972ರಿಂದ ಬರೋಡಾದಲ್ಲಿ ಕಲಿಸಿದ ನಸ್ರೀನ್ ಮೊಹಮದಿ (1937–1990) ಪೆನ್ಸಿಲು ಮತ್ತು ಶಾಯಿಯಿಂದ ಎಳೆದ ಸಣ್ಣ ಗೆರೆಗಳ ಅಂತರವನ್ನು ಬದಲಿಸುತ್ತಾ ಕಾಗದದ ಮೇಲೆ ಆಳ ಮತ್ತು ತೇಲಾಟದ ಅನುಭವ ತಂದರು. ಆಪ್ ಆರ್ಟಿನ ಅಬ್ಬರ ಅವುಗಳಲ್ಲಿ ಇಲ್ಲದಿದ್ದರೂ ಗೆರೆಯ ಲೆಕ್ಕದಿಂದಲೇ ಚಲನೆ ತೋರುವ ವಿಧಾನದಲ್ಲಿ ಸಾಮ್ಯವಿದೆ.

ಇತ್ತೀಚಿನ ಕರ್ನಾಟಕದಲ್ಲಿ ದೃಷ್ಟಿಭ್ರಮೆಯನ್ನು ಜನರ ನಡುವೆ ತಂದವರಲ್ಲಿ ಮೈಸೂರು ಮೂಲದ ಬಾದಲ್ ನಂಜುಂಡಸ್ವಾಮಿ ಪ್ರಮುಖರು. 2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಯನ್ನು ಕೊಳವಾಗಿಸಿ ಅದರಲ್ಲಿ ಮೊಸಳೆಯ ಪ್ರತಿಕೃತಿ ಇಟ್ಟದ್ದು, 2019ರಲ್ಲಿ ಗುಂಡಿಬಿದ್ದ ರಸ್ತೆಯನ್ನು ಚಂದ್ರನ ನೆಲವೆಂಬಂತೆ ತೋರಿಸಿದ ವಿಡಿಯೊ ದೇಶದ ಗಮನ ಸೆಳೆದವು. ಇವರ ರಸ್ತೆಚಿತ್ರಗಳು ನಿರ್ದಿಷ್ಟ ಕೋನದಿಂದ ನೋಡಿದಾಗ ಘನರೂಪ ತಾಳುತ್ತವೆ. ಭ್ರಮೆ ಇಲ್ಲಿ ನಾಗರಿಕ ದೂರನ್ನು ಹೇಳುವ ಸಾಧನ; ಆದ್ದರಿಂದ ಇವು ಅಮೂರ್ತ ಆಪ್ ಆರ್ಟಿಗಿಂತ ಹಳೆಯ ಭ್ರಮಾಚಿತ್ರಗಳ ಪರಂಪರೆಗೆ ಸಮೀಪ.

ವಿಮರ್ಶೆ ಮತ್ತು ಪ್ರಭಾವ

1965ರ ಪ್ರದರ್ಶನಕ್ಕೆ ಜನ ಮುಗಿಬಿದ್ದರೂ ವಿಮರ್ಶಕರಲ್ಲಿ ಅನೇಕರು ಆಪ್ ಆರ್ಟನ್ನು ಕಣ್ಕಟ್ಟು ಎಂದು ತಳ್ಳಿಹಾಕಿದರು. ಅಷ್ಟರಲ್ಲೇ ಉಡುಪು, ಗೋಡೆಕಾಗದ, ಜಾಹೀರಾತುಗಳು ಅದರ ವಿನ್ಯಾಸಗಳನ್ನು ಎತ್ತಿಕೊಂಡಿದ್ದವು. ತಮ್ಮ ಚಿತ್ರ ಉಡುಪಿನ ಬಟ್ಟೆಯ ಮೇಲೆ ಅಚ್ಚಾದುದನ್ನು ಕಂಡು ರೈಲಿ ತೀವ್ರವಾಗಿ ವಿರೋಧಿಸಿದರು. ವಾಸರೆಲಿ ಇಂತಹ ಹರಡುವಿಕೆಯನ್ನು ಸ್ವಾಗತಿಸಿದರು. ಮಗ ಇವರಾಲ್ ಜೊತೆಗೂಡಿ 1972ರಲ್ಲಿ ರೆನೋ ಕಾರು ಕಂಪನಿಗೆ ವಜ್ರಾಕಾರದ ಲಾಂಛನವನ್ನೂ ರೂಪಿಸಿಕೊಟ್ಟರು. 1976ರಲ್ಲಿ ಫ್ರಾನ್ಸಿನ ಏಕ್ಸ್ ಆನ್ ಪ್ರೊವಾನ್ಸ್‌ನಲ್ಲಿ ಅವರ ಪ್ರತಿಷ್ಠಾನದ ಕಟ್ಟಡ ತೆರೆಯಿತು. ಒಂದು ಚಳವಳಿಯಾಗಿ ಆಪ್ ಆರ್ಟಿನ ಬಿರುಸು 1960ರ ದಶಕದ ಕೊನೆಗೆ ಇಳಿಯಿತು.

ವಿಜ್ಞಾನದ ಜೊತೆಗಿನ ಕೊಡುಕೊಳ್ಳುವಿಕೆ ಮಾತ್ರ ನಿಲ್ಲಲಿಲ್ಲ. ಬ್ರಿಸ್ಟಲ್‌ನ ಕಾಫಿ ಅಂಗಡಿಯೊಂದರ ಗೋಡೆಯ ಕಪ್ಪು ಬಿಳಿ ಬಿಲ್ಲೆಗಳ ಸಾಲುಗಳು ಸಮಾಂತರವಾಗಿದ್ದರೂ ಓರೆಯಾಗಿ ಕಾಣುವುದನ್ನು ರಿಚರ್ಡ್ ಗ್ರೆಗರಿ ಮತ್ತು ಪ್ರಿಸಿಲಾ ಹರ್ಡ್ 1979ರಲ್ಲಿ ವಿವರಿಸಿದರು. ಜಪಾನಿನ ಮನೋವಿಜ್ಞಾನಿ ಅಕಿಯೊಶಿ ಕಿತಾವೊಕಾ 2003ರಲ್ಲಿ ರಚಿಸಿದ ತಿರುಗುವ ಹಾವುಗಳ ಚಿತ್ರ, ಹೊಳಪಿನ ಮೆಟ್ಟಿಲುಕ್ರಮದಿಂದ ನಿಶ್ಚಲ ವೃತ್ತಗಳು ಸುತ್ತುವಂತೆ ಮಾಡುತ್ತದೆ. ನೋಟದ ಒಂದು ಡಿಗ್ರಿಯೊಳಗೆ ಸುಮಾರು 3 ಜೋಡಿ ಕಪ್ಪು ಬಿಳಿ ಪಟ್ಟೆಗಳು ಬಂದಾಗ ಕಣ್ಣಿಗೆ ಹೆಚ್ಚು ಕಿರಿಕಿರಿಯಾಗುತ್ತದೆಂದು ಅಧ್ಯಯನಗಳು ತೋರಿಸಿವೆ. ತಲೆಶೂಲೆ ಇರುವವರಿಗೆ ಇಂತಹ ವಿನ್ಯಾಸಗಳು ತೊಂದರೆ ಕೊಡಬಹುದು. ಅಪರೂಪಕ್ಕೆ ಮೂರ್ಛೆರೋಗವನ್ನೂ ಕೆರಳಿಸಬಹುದು. ಹೀಗಾಗಿ ಕಟ್ಟಡಗಳ ಒಳವಿನ್ಯಾಸ, ನೆಲಹಾಸು ಮತ್ತು ಪರದೆಗಳ ವಿನ್ಯಾಸದಲ್ಲಿ ಪಟ್ಟೆಗಳ ಅಗಲ ಮತ್ತು ಅಂತರ ಇಂದು ಆರೋಗ್ಯದ ದೃಷ್ಟಿಯಿಂದಲೂ ಪರಿಗಣಿತವಾಗುತ್ತಿವೆ.